ಮಡಿಲಕ್ಕಿ ಸಿಗದ ಭಾನುವಾರ

"ಕೊಟ್ಟಿಗೆ ಕೊಡ್ಲಾ, ಬಾವಿ ಕೊಡ್ಲಾ ಮೇಡಂ?"

ಯಶವಂತಪುರ ಸ್ಟೇಷನ್ನಿನಿಂದ ಬ್ಯಾಗು ಹೊತ್ತು ಬಂದಿದ್ದ ಮಂಜುಶ್ರೀಗೆ ಆ ಹೋಟೆಲಿನಲ್ಲಿ ಮೊದಲ ದಿನ ಸಿಕ್ಕ ಸ್ವಾಗತ ಇದು. ಕೌಂಟರಿನ ಹಿಂದೆ ನಿಂತಿದ್ದವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅವಳಿಗೆ ಪಿತ್ತ ನೆತ್ತಿಗೇರಿತು.

"ಏನ್ರೀ, ನಾನು ಹಸು ಥರ ಕಾಣ್ತೀನಾ?"

"ಅಯ್ಯೋ, ಇಲ್ಲ ಇಲ್ಲ!" ಅವನ ಕಿವಿ ಎರಡೂ ಕೆಂಪಗಾದವು. "ಅದು ರೂಮಿನ ಹೆಸರು ಮೇಡಂ. ಕೊಟ್ಟಿಗೆ ರೇಟು ಕಮ್ಮಿ. ಬಾವೀಲಿ ಗೀಸರ್ ಇದೆ. ದ್ರಾಕ್ಷಿ ತೋಟ ಅಂದ್ರೆ ಎಸಿ."

ಅವನ ಹೆಸರು ಅಶ್ವತ್ಥ್. ಹೋಟೆಲು ಎದ್ದು ನಿಂತಿರುವ ಜಾಗ ಒಂದು ಕಾಲದಲ್ಲಿ ಅವನ ಅಜ್ಜಿ ಕೃಷ್ಣಮ್ಮ ಉತ್ತು ಬಿತ್ತಿದ ಹೊಲ. ಅಜ್ಜಿಗೆ ನಂಬರು ಓದಲು ಬಾರದು. ಅದಕ್ಕೇ ಯಾವ ಜಾಗದಲ್ಲಿ ಮೊದಲು ಏನಿತ್ತೋ ಅದೇ ಅಲ್ಲಿನ ರೂಮಿಗೆ ಹೆಸರಾಗಿತ್ತು. "ಬಾವಿಯಲ್ಲಿ ಮಲಗಿದ್ದೆ, ತುಂಬಾ ಬೆಚ್ಚಗಿತ್ತು" ಎಂದು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಬರೆದು ಐದು ಸ್ಟಾರ್ ಕೊಟ್ಟಿದ್ದರು.

ಮಂಜುಶ್ರೀ ಕೊಟ್ಟಿಗೆಯನ್ನೇ ತೆಗೆದುಕೊಂಡಳು.

ತನ್ನೂರು ಕಡೂರಿನಲ್ಲಿ ಪುಟ್ಟದೊಂದು ಬೇಕರಿ ಇಡಬೇಕು ಎಂಬುದು ಅವಳ ಆಸೆ. ಶನಿವಾರ, ಭಾನುವಾರ ಹೆಬ್ಬಾಳದಲ್ಲಿ ತರಬೇತಿ. ಶನಿವಾರ ಬೆಳಗಿನ ಗಾಡಿಗೆ ಬಂದು, ಒಂದು ರಾತ್ರಿ ತಂಗಿ, ಭಾನುವಾರ ಸಂಜೆ ಶಿವಮೊಗ್ಗದ ಗಾಡಿ ಹತ್ತಿದರೆ ಊರು. ಕ್ಲಾಸಿನಲ್ಲಿ ತಾನು ಮಾಡಿದ್ದನ್ನು ಅವಳು ಹೋಟೆಲಿಗೆ ತರುತ್ತಿದ್ದಳು. ಮೊದಲ ವಾರದ ಬನ್ನು ಗೋಡೆಗೆ ಹೊಡೆದರೆ ಗೋಡೆಯೇ ಕಿತ್ತು ಬರುವಷ್ಟು ಗಟ್ಟಿಯಿತ್ತು. ಅಶ್ವತ್ಥ್ ಅದನ್ನು ಪೂರ್ತಿ ತಿಂದ.

"ಹೇಗಿದೆ?"

"ಚೆನ್ನಾಗಿದೆ." ದವಡೆ ಹಿಡಿದುಕೊಂಡೇ ಹೇಳಿದ. "ಬಹಳ ಹೊತ್ತು ಬರುತ್ತೆ."

ಅವಳು ನಕ್ಕಳು. ಹಾಗೆ ಬಾಯಿ ತುಂಬ ನಕ್ಕು ಎಷ್ಟು ಕಾಲವಾಗಿತ್ತೋ! ತಾನು ನಕ್ಕಿದ್ದು ಗೊತ್ತಾಗಿ ಅವಳೇ ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದಳು. ಅಶ್ವತ್ಥ್ ನೋಡಿಯೂ ನೋಡದವನಂತೆ ಬೀಗದ ಕೈಗಳನ್ನು ಸಾಲಾಗಿ ಜೋಡಿಸತೊಡಗಿದ. ಅವು ಮೊದಲೇ ಸಾಲಾಗಿದ್ದವು.

ಆ ಹೋಟೆಲಿನಲ್ಲಿ ಇನ್ನೊಂದು ಪದ್ಧತಿ ಇತ್ತು. ರೂಮು ಖಾಲಿ ಮಾಡಿ ಹೊರಟ ಯಾವ ಹೆಂಗಸನ್ನೂ ಕೃಷ್ಣಮ್ಮ ಬರಿಗೈಲಿ ಕಳಿಸುತ್ತಿರಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಮೊರ ಇಟ್ಟುಕೊಂಡು ಕೂತಿರುತ್ತಿದ್ದರು. ತವರಿನಿಂದ ಹೊರಟ ಮಗಳಿಗೆ ತುಂಬುವಂತೆ ಅಕ್ಕಿ, ಕೊಬ್ಬರಿ, ಬೆಲ್ಲ ಮಡಿಲಿಗೆ ಹಾಕಿ, ಹಣೆಗೆ ಕುಂಕುಮ ಇಡುತ್ತಿದ್ದರು.

ಮೊದಲ ಭಾನುವಾರ ಮಂಜುಶ್ರೀ ಹಿಂದೆ ಸರಿದಿದ್ದಳು. "ನಂಗೆ ಬೇಡ ಅಜ್ಜಿ. ನಂಗೆ ಗಂಡ ಇಲ್ಲ. ತೀರ್ಕೊಂಡು ನಾಲ್ಕು ವರ್ಷ ಆಯ್ತು."

"ನಂಗೂ ಇಲ್ಲ ಕಣವ್ವ. ಅದುಕ್ಕೇನೀಗ? ಅಕ್ಕಿ ಕೊಡ್ತಿರೋದು ನಿಂಗೆ, ಗಂಡಂಗಲ್ಲ. ಒಡ್ಡು ಮಡ್ಲ."

ನಾಲ್ಕು ವರ್ಷಗಳಿಂದ ಎಲ್ಲ ಮದುವೆ, ನಾಮಕರಣಗಳಲ್ಲಿ ಕುಂಕುಮದ ತಟ್ಟೆ ಅವಳನ್ನು ದಾಟಿ ಪಕ್ಕದವರಿಗೆ ಹೋಗುತ್ತಿತ್ತು. ಅದು ಬರುವ ಮೊದಲೇ ತಾನಾಗಿ ಎದ್ದು ನೀರು ಕುಡಿಯಲು ಹೋಗುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಅಂದು ದುಪಟ್ಟಾ ಒಡ್ಡಿ ನಿಂತಳು. ಗಾಡಿಯಲ್ಲಿ ತುಮಕೂರು ದಾಟುವ ತನಕ ಅತ್ತಳು. ಸೋಮವಾರ ಆ ಅಕ್ಕಿಯಲ್ಲೇ ಅನ್ನ ಮಾಡಿದಳು. "ಯಾರ ಮನೆ ಅಕ್ಕಿನೇ ಇದು?" ಎಂದು ಅಮ್ಮ ಕೇಳಿದರೆ ಇನ್ನೊಂದು ಸೌಟು ಬಡಿಸಿದಳು.

ವಾರಗಳು ಕಳೆದವು. ಬನ್ನು ಮೆತ್ತಗಾಯಿತು, ಬಿಸ್ಕತ್ತು ಗರಿಗರಿಯಾಯಿತು. ಭಾನುವಾರ ಅವಳ ಬ್ಯಾಗು ಹೊತ್ತು ಸ್ಟೇಷನ್ನಿಗೆ ಬರುವುದು ಅಶ್ವತ್ಥನ ಕೆಲಸವಾಯಿತು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಐದು ನಿಮಿಷದ ದಾರಿಯನ್ನು ಅವನು ಕಾಲು ಗಂಟೆ ನಡೆಸುತ್ತಿದ್ದ.

"ಇಷ್ಟು ನಿಧಾನಕ್ಕೆ ನಡೆದ್ರೆ ಗಾಡಿ ತಪ್ಪುತ್ತೆ ಕಣ್ರೀ."

"ತಪ್ಪಲಿ ಬಿಡಿ. ಕೊಟ್ಟಿಗೆ ಖಾಲೀನೇ ಇರುತ್ತೆ."

ಹಾಗೆ ಹೇಳಿ ಅವನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವಳು ಗಾಡಿಯ ಬೋರ್ಡು ಓದುವ ನೆಪ ಮಾಡಿ ಮುಖ ಆ ಕಡೆ ತಿರುಗಿಸುತ್ತಿದ್ದಳು. ಅವನೆಂದರೆ ತನಗೆ ಇಷ್ಟ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಇಷ್ಟಪಡುವುದು ಬೇರೆ, ಅವನ ಮನೆಯವರು ತನ್ನನ್ನು ಒಪ್ಪುವುದು ಬೇರೆ. ಹೋಟೆಲಿಗೆ ಬಂದವಳಿಗೆ ಅಕ್ಕಿ ಕೊಟ್ಟ ಕೈ ಮನೆಗೆ ಬರುತ್ತೇನೆಂದವಳಿಗೂ ಕೊಟ್ಟೀತೇ?

ಕೊನೆಗೆ ಕ್ಲಾಸು ಮುಗಿಯುವ ಭಾನುವಾರ ಬಂತು.

ಬೆಳಗ್ಗೆ ಟೀ ಕೊಡಲು ಬಂದ ಅಶ್ವತ್ಥ್ ಬಾಗಿಲಲ್ಲೇ ನಿಂತ. "ಮಂಜುಶ್ರೀ ಅವರೇ, ಅಜ್ಜಿ ಹತ್ರ ಒಂದು ಮಾತು ಹೇಳಿದೀನಿ. ನಿಮ್ಮ ವಿಷಯ."

"ಏನಂತ?"

ಅವನ ಕಿವಿ ಮತ್ತೆ ಕೆಂಪಗಾಯಿತು. ಅಷ್ಟರಲ್ಲಿ ದ್ರಾಕ್ಷಿ ತೋಟದವರು ನೀರು ಬರುತ್ತಿಲ್ಲವೆಂದು ಕೂಗಿಕೊಂಡರು. ಅವನು ಓಡಿದ. ಅವಳ ಟೀ ಆರಿಹೋಯಿತು.

ಸಂಜೆ ಕ್ಲಾಸಿನಿಂದ ಅವಳು ತನ್ನ ಕೈಯಾರೆ ಮಾಡಿದ ಕೇಕು ತಂದಳು. ಅಶ್ವತ್ಥ್ ಇನ್ನೂ ಮಹಡಿಯಲ್ಲಿ ನೀರಿನ ಟ್ಯಾಂಕ್ ನೋಡುತ್ತಿದ್ದ. ಬಾಗಿಲ ಬಳಿ ಗುಂತಕಲ್ಲಿಗೆ ಹೊರಟಿದ್ದ ಅಮೀನಾ ಎಂಬಾಕೆ ಸೆರಗೊಡ್ಡಿ ನಿಂತಿದ್ದಳು. ಕೃಷ್ಣಮ್ಮ ಅಕ್ಕಿ ಹಾಕಿ, ಕುಂಕುಮದ ಬದಲು ಆಕೆಯ ತಲೆಗೆ ಮಲ್ಲಿಗೆ ಮುಡಿಸಿ, ಕೆನ್ನೆ ತಟ್ಟಿ ಕಳಿಸಿದರು.

ಮಂಜುಶ್ರೀ ಬೀಗದ ಕೈ ಕೌಂಟರಿನ ಮೇಲಿಟ್ಟು, ಕೇಕಿನ ಡಬ್ಬಿ ಅಜ್ಜಿಯ ಕೈಗೆ ಕೊಟ್ಟು, ದುಪಟ್ಟಾ ಒಡ್ಡಿದಳು.

ಕೃಷ್ಣಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಿಂಗಿಲ್ಲ ಕಣವ್ವ. ಓಗ್ಬುಟ್ಟು ಬಾ."

ಒಡ್ಡಿದ ದುಪಟ್ಟಾವನ್ನು ಹೇಗೆ ಮಡಚಬೇಕೆಂಬುದೇ ಮಂಜುಶ್ರೀಗೆ ಮರೆತುಹೋಯಿತು. ಮೊಮ್ಮಗನ ಮಾತಿಗೆ ಅಜ್ಜಿ ಕೊಟ್ಟ ಉತ್ತರ ಇದು! ಅಲ್ಲದೆ ಇನ್ನೇನು? "ಆಯ್ತು ಅಜ್ಜಿ" ಎಂದು ಬ್ಯಾಗನ್ನು ತಾನೇ ಎತ್ತಿಕೊಂಡು ಹೊರಬಿದ್ದಳು.

ಆಟೋಗಳ ನಡುವೆ, ಹೂವಿನವರ ನಡುವೆ ತಲೆ ತಗ್ಗಿಸಿ ನಡೆದಳು. ಸ್ಟೇಷನ್ನಿನ ಮೆಟ್ಟಿಲು ಬಂತು. ಎದ್ದು ನೀರು ಕುಡಿಯಲು ಹೋದ ಮದುವೆಗಳೆಲ್ಲ ಒಟ್ಟಿಗೆ ನೆನಪಾದವು. ಒಬ್ಬರನ್ನಾದರೂ, ಒಂದು ಸಲವಾದರೂ, "ನಂಗ್ಯಾಕಿಲ್ಲ?" ಎಂದು ಕೇಳಿದ್ದಳೇ? ಇಲ್ಲ. ಇಂದೂ ಕೇಳದೆ ಗಾಡಿ ಹತ್ತಿದರೆ ಈ ಸಂಕಟ ಜನ್ಮವಿಡೀ ಹೋಗುವುದಿಲ್ಲ ಎನಿಸಿತು.

ಅವಳು ತಿರುಗಿ ನಡೆದಳು. ಹೋಟೆಲಿನ ಬಾಗಿಲಿಗೆ ಬರುವಷ್ಟರಲ್ಲಿ ಉಸಿರು ಮೇಲುಕೆಳಗಾಗಿತ್ತು.

"ಅಜ್ಜಿ, ನಂಗ್ಯಾಕಿಲ್ಲ? ಎಲ್ರಿಗೂ ಕೊಡ್ತೀರಿ. ನಂಗ್ಯಾಕೆ ಇಲ್ಲ?" ಬ್ಯಾಗು ಕೆಳಗಿಟ್ಟಳು. "ಬೇಡ ಅಂದ್ರೆ ಬೇಡ ಅನ್ನಿ. ಸುಮ್ನೆ ದಾಟಿಸ್ಬೇಡಿ."

ಕೃಷ್ಣಮ್ಮನ ಬಾಯಲ್ಲಿ ಕೇಕು ತುಂಬಿತ್ತು. ಅವರು ಕಣ್ಣರಳಿಸಿ ನೋಡಿದರು.

"ಅಯ್ ನನ್ ಕೂಸೇ! ಇಂಗಂದ್ಕೊಂಡ್ಯಾ?" ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಮಡ್ಲು ತುಂಬಿ ಕಳ್ಸೋದು ಮಗಳನ್ನ ಕಣವ್ವ. ಮಗಳು ಇನ್ನೊಬ್ರ ಮನೆ ಸೇರೋಳು. ಸೊಸೆಗೆ ಯಾರಾದ್ರೂ ಅತ್ತೆ ಮನೇಲಿ ಮಡ್ಲು ತುಂಬ್ತಾರಾ? ನಿನ್ ಮಡ್ಲಕ್ಕಿ ಇನ್ಮೇಲೆ ಕಡೂರಿಂದ ಬರ್ಬೇಕು. ನಿಮ್ಮವ್ವ ತುಂಬಿ, ಇಲ್ಲಿಗೆ ಕಳಿಸ್ಬೇಕು."

ಮಂಜುಶ್ರೀ ಕಣ್ಣು ಮಿಟುಕಿಸದೆ ನಿಂತಳು. ಕಣ್ಣೀರು ತಾನಾಗಿಯೇ ಇಳಿಯಿತು. ಕೃಷ್ಣಮ್ಮ ಭರಣಿ ತೆಗೆದು, ಉಂಗುರದ ಬೆರಳಿನಿಂದ ಅವಳ ಹಣೆಗೆ ಅಗಲವಾಗಿ ಕುಂಕುಮ ಇಟ್ಟರು.

"ಅಜ್ಜೀ!" ಮೆಟ್ಟಿಲ ಮೇಲಿಂದ ಕೂಗು ಬಂತು. ಮೊಣಕಾಲ ತನಕ ಪ್ಯಾಂಟು ಮಡಚಿ, ಮೈಯೆಲ್ಲ ಟ್ಯಾಂಕಿನ ನೀರು ಸುರಿಸಿಕೊಂಡು ಅಶ್ವತ್ಥ್ ನಿಂತಿದ್ದ. "ನಾನಿನ್ನೂ ಅವರನ್ನೇ ಕೇಳಿಲ್ಲ ಕಣಜ್ಜಿ!"

"ಕೇಳೋ ಮತ್ತೆ. ಯಾರಾದ್ರೂ ಇಡ್ಕೊಂಡವ್ರಾ ನಿನ್ನ?"

ಅವನು ಕೆಳಗಿಳಿದು ಬಂದ. ಒದ್ದೆ ಕೈಯನ್ನು ಶರ್ಟಿಗೆ ಒರೆಸಿದ, ಶರ್ಟೂ ಒದ್ದೆಯಿತ್ತು. ಅಷ್ಟು ದಿನ ಓರೆಗಣ್ಣಿನಲ್ಲಿ ನೋಡಿದವನು ಅಂದು ನೇರವಾಗಿ ನೋಡಿದ. ಅವಳೂ ಮುಖ ತಿರುಗಿಸಲಿಲ್ಲ.

"ಮುಂದಿನ ಶನಿವಾರ ಕೊಟ್ಟಿಗೆ ಯಾರಿಗೂ ಕೊಡ್ಬೇಡಿ" ಎಂದಳು ಮಂಜುಶ್ರೀ.

"ಕ್ಲಾಸು ಮುಗೀತಲ್ಲ?"

"ಕ್ಲಾಸಿಗೆ ಅಲ್ಲ. ಅಮ್ಮನ್ನ ಕರ್ಕೊಂಡು ಬರ್ತೀನಿ. ಅಕ್ಕಿ ಹೊತ್ಕೊಂಡು."

ಅಶ್ವತ್ಥನ ಮುಖವೆಲ್ಲ ನಗುವಾಯಿತು. ಅವನು ಬಗ್ಗಿ ಅವಳ ಬ್ಯಾಗು ಎತ್ತಿಕೊಂಡ.

"ಬೀಗಿತ್ತೀನ ಕೊಟ್ಟಿಗೇಲಿ ಮಲಗ್ಸಿದ್ರೆ ಆಡ್ಕೋತಾರೆ ಕಣ್ಲಾ" ಎಂದರು ಕೃಷ್ಣಮ್ಮ, ಇನ್ನೊಂದು ತುಂಡು ಕೇಕು ಮುರಿಯುತ್ತ. "ದ್ರಾಕ್ಷಿ ತೋಟ ಕೊಡು."