ಮೂರನೇ ಸಲದ ಪರೀಕ್ಷೆ

"ಒಂಚೂರು ಬಾಯಿಗೆ ಹಾಕ್ಕೊಂಡು ನೋಡಿ, ಮೇಡಂ!"

ಆಹಾರ ಪರೀಕ್ಷೆಯ ಪ್ರಯೋಗಾಲಯದ ಕಿಟಕಿಯೊಳಗೆ ತೂರಿಬಂದ ಚಮಚ ನೋಡಿ ಅವಳು ಬೆಚ್ಚಿಬಿದ್ದಳು.

"ಇಲ್ಲಿ ಬಾಯಿಗೆ ಏನೂ ಹಾಕ್ಕೊಳ್ಳೋ ಹಾಗಿಲ್ಲ."

"ಮತ್ತೆ ರುಚಿ ಹೇಗೆ ಗೊತ್ತಾಗುತ್ತೆ?"

"ಯಂತ್ರಕ್ಕೆ ಗೊತ್ತಾಗುತ್ತೆ."

"ಪಾಪ, ಯಂತ್ರ!"

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಚಮಚ ಹಿಡಿದು ನಿಂತವನದು ಬೇರು-ಪುಡಿಗಳ ಪುಟ್ಟ ಅಂಗಡಿ. ಜ್ವರ ಬಿಟ್ಟವರಿಗೆ ಶಕ್ತಿ ಬರಲೆಂದು ಅವನ ಅಮ್ಮ ಏಳು ಬೇರು ಸೇರಿಸಿ ಪುಡಿ ಮಾಡುತ್ತಿದ್ದರು. ಪೊಟ್ಟಣದ ಮೇಲೆ ಪೋಷಕಾಂಶ ಬರೆಯಬೇಕಾದರೆ ಪರೀಕ್ಷೆಯಾಗಬೇಕಿತ್ತು. ಅದೊಂದು ನೆಪದಲ್ಲಿ ಅವನು ಪ್ರತಿ ಮಂಗಳವಾರ ಬರತೊಡಗಿದ. ಅವಳೂ ಮಂಗಳವಾರಗಳಂದು ಕನ್ನಡಿ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲತೊಡಗಿದಳು.

ಪರೀಕ್ಷೆಗೆ ಬರುವ ಸೀಸೆಗಳ ಮೇಲೆ ಬರೀ ಸಂಖ್ಯೆ. ಹೆಸರುಗಳೆಲ್ಲ 'ಬೀಗದಕ್ಕ'ನ ಕಪಾಟಿನಲ್ಲಿ ಭದ್ರ. ಕೀಲಿಗೊಂಚಲು ಸೊಂಟದಲ್ಲೇ ಇರುವ ಹಿರಿಯ ಗುಮಾಸ್ತೆಗೆ ಎಲ್ಲರೂ ಇಟ್ಟ ಹೆಸರದು. ಆದರೆ ೨೧೮ನೇ ಸೀಸೆಯ ಮುಚ್ಚಳ ತೆಗೆದ ಕೂಡಲೇ ಅವಳಿಗೆ ಆ ಪರಿಮಳ ಗೊತ್ತಾಗಿಹೋಯಿತು.

ಕಬ್ಬಿಣ ಚೆನ್ನಾಗಿತ್ತು. ಆದರೆ ವಿಷಲೋಹ ಸೀಸದ ಅಂಶ... ಮಿತಿಗಿಂತ ಮೂರು ಪಟ್ಟು!

ಮತ್ತೆ ಮಾಡಿದಳು. ಅದೇ. ಇನ್ನೊಮ್ಮೆ ಮಾಡಿದಳು. ಮತ್ತೂ ಅದೇ. 'ಅಸುರಕ್ಷಿತ' ಎಂದು ಬರೆದು ಸಹಿ ಹಾಕಿದಳು.

ಮರುದಿನ ಅವನು ಕಿಟಕಿಯ ಮುಂದೆ ಕೆಂಡವಾಗಿ ನಿಂತಿದ್ದ.

"ನಗ್ತಾ ನಗ್ತಾನೇ ಕತ್ತು ಕೊಯ್ದ್ರಲ್ಲ! ನನ್ನದು ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಗೊತ್ತಿತ್ತು... ಅಮ್ಮ ಇದನ್ನ ತಗೊಳ್ತಾರಾ?"

"ದಿನಾ. ಎರಡು ಚಮಚ. ಯಾಕೆ?"

"ಇವತ್ತೇ ನಿಲ್ಲಿಸಿ. ದಯವಿಟ್ಟು!"

ಅವನು ತಿರುಗಿಯೂ ನೋಡದೆ ಹೊರಟುಹೋದ.

ಮಂಗಳವಾರಗಳು ಬಂದವು, ಅವನು ಬರಲಿಲ್ಲ. ಅವನ ಒಂದೊಂದು ಮಾತನ್ನೂ ನೆನೆದು ನೆನೆದು ಕೂತಿದ್ದಾಗಲೇ ಅವಳಿಗೆ ಥಟ್ಟನೆ ಹೊಳೆಯಿತು. ಅವನೊಮ್ಮೆ ಹೇಳಿದ್ದ: 'ಅಮ್ಮ ಬೇರನ್ನ ನಿಂಬೆರಸದಲ್ಲಿ ನೆನೆಸಿ, ವಾರಗಟ್ಟಲೆ ಹಸಿರು ಭರಣಿಯಲ್ಲಿ ಇಡ್ತಾಳೆ. ಆ ಭರಣಿಗೆ ನನಗಿಂತ ವಯಸ್ಸು ಜಾಸ್ತಿ!' ಹಳೆಯ ಭರಣಿಯ ಹೊಳಪು ಲೇಪದಲ್ಲಿ ಸೀಸ ಇದ್ದರೆ ಹುಳಿ ಅದನ್ನು ಎಳೆದುಕೊಳ್ಳದೇ ಇರುತ್ತದೆಯೇ?

'ಬೇರುಗಳನ್ನು ಬೇರೆ ಬೇರೆಯಾಗಿ ತನ್ನಿ. ಭರಣಿಯನ್ನೂ ತನ್ನಿ,' ಎಂದು ಬರೆದು ಬೀಗದಕ್ಕನ ಕೈಯಲ್ಲಿ ಅವನ ಅಂಗಡಿಗೆ ಕಳಿಸಿದಳು.

ಒಂದು ವಾರ... ಮೂರು... ಐದು. ಕಿಟಕಿಯ ಹತ್ತಿರ ಯಾರ ಹೆಜ್ಜೆ ಕೇಳಿದರೂ ಅವಳು ತಲೆಯೆತ್ತಿ ನೋಡುತ್ತಿದ್ದಳು.

ಆರನೆಯ ಮಂಗಳವಾರ ಬಟ್ಟೆ ಸುತ್ತಿದ ಭರಣಿ ಕಿಟಕಿಯಲ್ಲಿ ಕಾಣಿಸಿತು. ಅದರ ಹಿಂದೆ ಅವನ ಬಾಡಿದ ಮುಖ.

"ಅಮ್ಮನ ರಕ್ತದಲ್ಲೂ ಸೀಸ ಇತ್ತು. ಆವತ್ತು ಕೋಪದಲ್ಲೇ ಹೋಗಿ ಪುಡಿ ನಿಲ್ಲಿಸಿದ್ದೆ, ಆಸ್ಪತ್ರೆಗೂ ತೋರಿಸಿದೆ. ಸರಿಯಾದ ಸಮಯಕ್ಕೆ ಬಂದ್ರಿ ಅಂದ್ರು ಡಾಕ್ಟರು. ಈಗ ಇಳೀತಾ ಇದೆ. ಆದ್ರೆ ನಿಮ್ಮೆದುರು ಬರೋಕೆ... ಮುಖ ಇರ್ಲಿಲ್ಲ."

ಅವಳು ಭರಣಿಯನ್ನು ಎರಡೂ ಕೈಯಿಂದ ಒಳಗೆ ತೆಗೆದುಕೊಂಡಳು. ಕಣ್ಣು ಮಂಜಾಗಿತ್ತು.

"ವರದಿಯಲ್ಲಿ ಮೂರು ಸಲದ ಅಂಕಿ ಇದೆ. ನಿಮ್ಮ ಚೀಟಿ ತಂದಾಗ ಬೀಗದಕ್ಕನ್ನ ಕೇಳ್ದೆ. 'ಎರಡು ಸಲ ಮಾಡೋದು ನಿಯಮ ಕಣಪ್ಪಾ. ಮೂರನೇದು ಅವಳ ಸಂಕಟ' ಅಂದ್ರು."

ಒಳಗಿಂದ ಕೀಲಿಗೊಂಚಲು ಝಣಗುಟ್ಟಿತು. "ನನ್ನನ್ಯಾಕೆ ಎಳೀತೀಯೋ!"

ಏಳು ಬೇರುಗಳಲ್ಲೂ ದೋಷವಿರಲಿಲ್ಲ. ಸೀಸ ಇದ್ದದ್ದು ಭರಣಿಯ ಹೊಳಪು ಲೇಪದಲ್ಲಿ. ಗಾಜಿನ ಜಾಡಿಯಲ್ಲಿ ಮಾಡಿದ ಹೊಸ ಪುಡಿಗೆ ಅವಳು 'ಸುರಕ್ಷಿತ' ಎಂದು ಬರೆದ ಸಂಜೆ, ಗೇಟಿನಾಚೆ ಅವನು ಚಮಚ ಹಿಡಿದು ಕಾಯುತ್ತಿದ್ದ.

"ಇಲ್ಲಿ ಬಾಯಿಗೆ ಹಾಕ್ಕೋಬಹುದಲ್ವಾ, ಮೇಡಂ?"

ಅವಳು ಹಾಕಿಕೊಂಡಳು. ಮುಖ ಕಿವುಚಿದಳು. "ಅಯ್ಯೋ, ಕಹಿ!"

"ಯಂತ್ರ ಹೇಳಿರ್ಲಿಲ್ವಾ?"

"ಇದನ್ನ ಎಷ್ಟು ದಿನ ತಗೋಬೇಕು?"

ಅವನ ನಗು ನಿಂತಿತು. ದನಿ ಮೆಲ್ಲಗಾಯಿತು.

"ನೀವು ಸಾಕು ಅನ್ನೋವರೆಗೆ, ನಾನೇ ಕೈಯಾರೆ ಕೊಡ್ತೀನಿ."

ಅವಳು ಅವನ ಕೈಯಿಂದ ಚಮಚ ತೆಗೆದುಕೊಂಡಳು. ಕೈಯನ್ನು ಮಾತ್ರ ಬಿಡಲಿಲ್ಲ.

"ಸಾಕು ಅಂತ ನಾನು ಅನ್ನಲ್ಲ..."