ಒಂದು ಕಿತ್ತಳೆ ತಿನ್ನುವಷ್ಟು ಹೊತ್ತು

“ಅಜ್ಜಾ, ನೀನಿನ್ನೂ ಅರ್ಧ ಸಿಪ್ಪೆನೂ ಸುಲಿದಿಲ್ಲ. ಆಗ್ಲೇ ಮುಳುಗಿಬಿಟ್ಳು,” ಎಂದು ಚುಕ್ಕಿಯ ತಮ್ಮ ನದಿಯ ಮೆಟ್ಟಿಲ ಮೇಲೆ ಕೂತು ವರದಿ ಒಪ್ಪಿಸಿದ.

ಚುಕ್ಕಿ ಕೆಮ್ಮುತ್ತಾ ಎದ್ದು ನಿಂತಳು. ನಿಂತರೆ ನೀರು ಅವಳ ಎದೆಯವರೆಗೂ ಬರುತ್ತಿರಲಿಲ್ಲ. ಅಷ್ಟು ನೀರಿನಲ್ಲೇ ಮುಳುಗಿದ್ದಳು ಎಂಬುದು ಇನ್ನೂ ನಾಚಿಕೆಯ ಸಂಗತಿ. ಮೂಗಿನೊಳಗೆ ನೀರು ಹೋಗಿ ನೆತ್ತಿಯವರೆಗೂ ಉರಿಯುತ್ತಿತ್ತು.

ಅಜ್ಜ ಕೈಯಲ್ಲಿದ್ದ ಕಿತ್ತಳೆಯನ್ನು ಒಮ್ಮೆ ನೋಡಿ, ಹಾಗೇ ಜೇಬಿಗೆ ಹಾಕಿಕೊಂಡ. “ನಾಳೆ ನೋಡೋಣ ಮಗಾ. ತಲೆನ ನೀರಿಗೆ ಕೊಡು ಅಂದ್ರೆ ನೀನು ಕೊಡೋದೇ ಇಲ್ಲ,” ಎಂದ.

ನದಿ ದಾಟಿಸುವ ಲಾಂಚು ಆ ಮನೆಯವರದು. ಒಂದು ಕಾಲಕ್ಕೆ ಅಜ್ಜ ಅದನ್ನು ನಡೆಸುತ್ತಿದ್ದ. ಈಗ ಅಮ್ಮ ನಡೆಸುತ್ತಾಳೆ, ಅಪ್ಪ ಎಂಜಿನ್ ನೋಡಿಕೊಳ್ಳುತ್ತಾನೆ. ಮನೆಯ ಮಕ್ಕಳು ಲಾಂಚು ಹತ್ತಬೇಕಾದರೆ ಅಜ್ಜನ ಒಂದು ಪರೀಕ್ಷೆ ಪಾಸಾಗಬೇಕು. ನೀರಿನ ಮೇಲೆ ಅಂಗಾತ ಮಲಗಬೇಕು. ಕೈಕಾಲು ಬಡಿಯುವಂತಿಲ್ಲ. ಅಜ್ಜ ಒಂದು ಕಿತ್ತಳೆ ಸುಲಿದು, ಒಂದೊಂದೇ ತೊಳೆ ಬಿಡಿಸಿ ತಿಂದು ಮುಗಿಸುವವರೆಗೆ ತೇಲುತ್ತಿರಬೇಕು. ಕೊನೆಯ ತೊಳೆ ತೇಲಿದವರಿಗೆ.

ಅಮ್ಮನೂ ಚಿಕ್ಕವಳಿದ್ದಾಗ ಹೀಗೆಯೇ ತೇಲಿ, ಕೊನೆಯ ತೊಳೆ ತಿಂದವಳು. ಈಜುವವರು ಎಷ್ಟೇ ಗಟ್ಟಿಗರಾದರೂ ಒಂದಲ್ಲ ಒಂದು ಹೊತ್ತಿಗೆ ಸುಸ್ತಾಗುತ್ತಾರೆ, ತೇಲುವವರು ಆಗುವುದಿಲ್ಲ ಎನ್ನುವುದು ಅಜ್ಜನ ವಾದ. ಅಳು, ಕೋಪ, ಮುದ್ದು ಯಾವುದಕ್ಕೂ ಅವನು ಜಗ್ಗುವವನಲ್ಲ.

ತಮ್ಮ ಅವಳಿಗಿಂತ ಎರಡು ವರ್ಷ ಚಿಕ್ಕವನು, ಗುಂಡುಗುಂಡಗಿದ್ದಾನೆ. ಹೋದ ತಿಂಗಳು ಮೊದಲನೇ ಸಲಕ್ಕೇ ತೇಲಿಬಿಟ್ಟ. ಅಂದಿನಿಂದ ಲಾಂಚಿನ ಕೆಲಸದವರೆಲ್ಲ ಅವನನ್ನು ಬೆಂಡು ಎಂದೇ ಕರೆಯುತ್ತಿದ್ದರು. ಚುಕ್ಕಿಗೂ ಒಂದು ಹೆಸರು ಇಟ್ಟಿದ್ದರು. ಲಂಗರು. ನೀರಿಗೆ ಹಾಕಿದರೆ ಸೀದಾ ತಳಕ್ಕೆ.

ಬರುವ ಭಾನುವಾರ ಲಾಂಚು ದುರಸ್ತಿಗೆ ಹೊರಡಲಿತ್ತು. ವರ್ಷಕ್ಕೊಮ್ಮೆ ಅದನ್ನು ನದಿ ಹರಿಯುವ ದಿಕ್ಕಿನಲ್ಲಿ ದೂರವಿರುವ ದುರಸ್ತಿ ಕಟ್ಟೆಗೆ ಒಯ್ದು, ತಳ ಕೆರೆದು, ಬಣ್ಣ ಬಳಿಸುತ್ತಾರೆ. ಆ ದಿನ ಪ್ರಯಾಣಿಕರು ಯಾರೂ ಇರುವುದಿಲ್ಲ. ಮನೆಯವರಷ್ಟೇ. ಇಡೀ ಹಗಲಿನ ದಾರಿ. ಊಟ, ನಿದ್ದೆ ಎಲ್ಲ ಲಾಂಚಿನ ಮೇಲೆಯೇ. ಹೋದ ವರ್ಷ ಅಕ್ಕ ತಮ್ಮ ಇಬ್ಬರೂ ಪಕ್ಕದ ಮನೆಯ ಆಂಟಿಯ ಜೊತೆ ಮೆಟ್ಟಿಲ ಮೇಲೆ ನಿಂತು ಟಾಟಾ ಮಾಡಿದ್ದರು. ಈ ವರ್ಷ ತಮ್ಮ ಲಾಂಚಿನ ಮೇಲೆ ನಿಂತು ಅಕ್ಕನಿಗೆ ಟಾಟಾ ಮಾಡುತ್ತಾನೆ. 

ಅರ್ಧ ಸುಲಿದ ಕಿತ್ತಳೆ ಮರುದಿನ ಅವಳ ಟಿಫನ್ ಬಾಕ್ಸಿನಲ್ಲಿತ್ತು. ಅವಳು ಮುಳುಗಿದ ದಿನದ ಹಣ್ಣೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು. ಆ ವಾರ ಅವಳು ಬೇಕಾದಷ್ಟು ಕಿತ್ತಳೆ ತಿಂದಿದ್ದಳು.

ಅಂದು ವಿಜ್ಞಾನದ ಮಿಸ್ ಒಂದು ಉದ್ದನೆಯ ಗಾಜಿನ ಲೋಟ ತಂದಿದ್ದರು. ಅದಕ್ಕೆ ಜೇನುತುಪ್ಪ ಹಾಕಿ, ಅದರ ಮೇಲೆ ನೀರು, ಅದರ ಮೇಲೆ ಎಣ್ಣೆ ನಿಧಾನವಾಗಿ ಸುರಿದರು. ಮೂರೂ ಒಂದರೊಳಗೊಂದು ಬೆರೆಯದೆ ಬೇರೆ ಬೇರೆ ನಿಂತವು. ಆಮೇಲೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ಬ್ಯಾಗಿನಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ ಎಂದರು. ರಬ್ಬರು ಮುಳುಗಿತು. ಪೆನ್ಸಿಲು ತೇಲಿತು. ಚುಕ್ಕಿಯ ಅರ್ಧ ಸುಲಿದ ಕಿತ್ತಳೆ ಓರೆಯಾಗಿ ತೇಲಿತು.

“ಈಗ ಪೂರ್ತಿ ಸಿಪ್ಪೆ ತೆಗೆದು ಹಾಕು,” ಎಂದರು ಮಿಸ್.

ಕಿತ್ತಳೆ ಸದ್ದಿಲ್ಲದೆ ತಳ ಸೇರಿತು. ಸಿಪ್ಪೆ ತೆಗೆದ ಮೇಲೆ ಹಗುರವಾಗಬೇಕಿತ್ತು, ಮುಳುಗಿದ್ದು ಹೇಗೆ ಎಂದು ಕ್ಲಾಸೆಲ್ಲ ಗಲಾಟೆ. ಮಿಸ್ ಸಿಪ್ಪೆಯ ಒಳಮೈ ತೋರಿಸಿದರು. ಆ ಬಿಳಿ ಭಾಗದ ತುಂಬ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಗಾಳಿಗೆ ತೂಕ ಕಡಿಮೆ, ಆದರೆ ಅದು ಜಾಗ ತುಂಬುತ್ತದೆ. ಒಂದು ವಸ್ತು ಎಷ್ಟು ತೂಗುತ್ತದೆ ಎಂಬುದನ್ನು ಅದು ಎಷ್ಟು ಜಾಗ ತುಂಬುತ್ತದೆ ಎಂಬುದರಿಂದ ಭಾಗಿಸಿದರೆ ಸಿಗುವುದು ಸಾಂದ್ರತೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಹಾಗಾಗಿ ನೀರಿನ ಸಾಂದ್ರತೆ ಒಂದು. ಒಂದಕ್ಕಿಂತ ಕಡಿಮೆ ಇದ್ದದ್ದು ನೀರಿನಲ್ಲಿ ತೇಲುತ್ತದೆ, ಹೆಚ್ಚಿದ್ದದ್ದು ಮುಳುಗುತ್ತದೆ. ಮನೆಯಲ್ಲಿರುವ ಮೂರು ವಸ್ತುಗಳ ಸಾಂದ್ರತೆ ಕಂಡುಹಿಡಿದು ತನ್ನಿ ಎಂದು ಹೋಮ್‌ವರ್ಕ್ ಕೊಟ್ಟರು.

ಚುಕ್ಕಿ ಕೈ ಎತ್ತಿದಳು. “ಮಿಸ್, ಮನುಷ್ಯರದು ಎಷ್ಟು?”

“ಹೆಚ್ಚುಕಡಿಮೆ ನೀರಿನಷ್ಟೇ. ಆದ್ರೆ ಒಬ್ಬೊಬ್ಬರದು ಒಂದೊಂದು ಥರ. ನಿಂದು ಬೇಕಾದ್ರೆ ನೀನೇ ಅಳೀಬೇಕು.”

ಮನೆಗೆ ಬಂದವಳೇ ಚುಕ್ಕಿ ಅಡುಗೆಮನೆಯ ಪುಟ್ಟ ತಕ್ಕಡಿ ಹಿಡಿದು ಕೂತಳು. ಮೇಣದಬತ್ತಿ ಒಂದಕ್ಕಿಂತ ಕಡಿಮೆ ಬಂತು, ಸೊನ್ನೆ ಪಾಯಿಂಟ್ ಒಂಬತ್ತು. ಆಲೂಗಡ್ಡೆ ಒಂದು ಪಾಯಿಂಟ್ ಸೊನ್ನೆ ಎಂಟು. ಮೂರನೆಯ ವಸ್ತು ಯಾವುದು ಎಂದು ಅವಳು ಕ್ಲಾಸಿನಲ್ಲೇ ತೀರ್ಮಾನಿಸಿ ಆಗಿತ್ತು.

ಲಾಂಚಿನ ಪ್ರಯಾಣಿಕರ ಲಗೇಜು ತೂಗುವ ಮಷೀನಿನ ಮೇಲೆ ನಿಂತಳು. ಇಪ್ಪತ್ತೆಂಟು ಕಿಲೋ. ಇನ್ನು ತಾನು ಎಷ್ಟು ಜಾಗ ತುಂಬುತ್ತೇನೆ ಎಂದು ನೋಡಬೇಕು. ಹಿತ್ತಲಲ್ಲಿ ನೀರು ಹಿಡಿಯುವ ನೀಲಿ ಡ್ರಮ್ಮು ಇತ್ತು. ಚೆಲ್ಲಿದ ನೀರು ದಂಡವಾಗಬಾರದು ಎಂದು ಅಜ್ಜ ಅದನ್ನು ಗಿಡಗಳ ಪಕ್ಕಕ್ಕೆ ಸರಿಸಿಕೊಟ್ಟು, ತಾನೂ ಅಲ್ಲೇ ಹಗ್ಗ ಹೆಣೆಯುತ್ತಾ ಕೂತ. ಏನು ಎತ್ತ ಎಂದು ಕೇಳಲಿಲ್ಲ.

ಬೆಂಡು ಡ್ರಮ್ಮನ್ನು ಅಂಚಿನವರೆಗೆ ತುಂಬಿಸಿದ. ಚುಕ್ಕಿ ಸ್ಟೂಲು ಹತ್ತಿ ನಿಧಾನವಾಗಿ ಒಳಗಿಳಿದು, ಮಂಡಿ ಮಡಿಚಿ ಕುಕ್ಕರುಗಾಲಲ್ಲಿ ಕೂತಳು. ನೀರು ದಡದಡನೆ ಹೊರಗೆ ಚೆಲ್ಲಿತು. ಆಮೇಲೆ ಎದ್ದು, ಮೈಗೆ ಅಂಟಿದ ನೀರೆಲ್ಲ ಡ್ರಮ್ಮಿಗೇ ಸೋರಲಿ ಎಂದು ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದಳು. ಡ್ರಮ್ಮು ಮತ್ತೆ ತುಂಬಲು ಎಷ್ಟು ನೀರು ಹಿಡಿಯುತ್ತದೋ ಅಷ್ಟೇ ಅವಳ ಗಾತ್ರ. ಬೆಂಡು ಲೀಟರ್ ಜಗ್ಗಿನಿಂದ ನೀರು ಹಾಕುತ್ತಾ ಗೋಡೆಗೆ ಬಳಪದಲ್ಲಿ ಗೆರೆ ಎಳೆದ. ಇಪ್ಪತ್ತೈದೂವರೆ ಲೀಟರ್.

ಚುಕ್ಕಿ ಒದ್ದೆ ಕೈಯಲ್ಲೇ ಆ ಗೆರೆಗಳ ಕೆಳಗೆ ಭಾಗಿಸಿದಳು. ಒಂದು ಪಾಯಿಂಟ್ ಒಂದು.

ಇನ್ನೊಮ್ಮೆ ಭಾಗಿಸಿದಳು. ಅಷ್ಟೇ ಬಂತು. ಅವಳು ಆಲೂಗಡ್ಡೆಗಿಂತಲೂ ಕಡೆ.

ಬೆಂಡು ಗೋಡೆಯನ್ನೂ ಅಕ್ಕನ ಮುಖವನ್ನೂ ನೋಡಿದ. “ನಾನೇ ಎಣಿಸೋದ್ರಲ್ಲಿ ತಪ್ಪಿರ್ಬೇಕು ಅಕ್ಕಾ,” ಎಂದ.

ಬೆಂಡು ಎಂದೂ ತನ್ನ ತಪ್ಪು ಒಪ್ಪಿಕೊಂಡವನಲ್ಲ. ಅವನೇ ಹೀಗೆ ಹೇಳಿದ್ದು ಕೇಳಿ ಚುಕ್ಕಿಗೆ ಅಳು ಬಂದೇಬಿಟ್ಟಿತು. ಇಷ್ಟು ದಿನ ಎಲ್ಲರೂ ತಮಾಷೆಗೆ ಲಂಗರು ಎನ್ನುತ್ತಿದ್ದರು. ಈಗ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಅಜ್ಜ ಎಷ್ಟು ಕಿತ್ತಳೆ ಸುಲಿದರೇನು, ಅವಳು ತೇಲುವ ವಸ್ತುವೇ ಅಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ಮಂಡಿಯಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆಯ ಕೊನೆಯ ಟ್ರಿಪ್ಪು ಮುಗಿಸಿ ಅಮ್ಮ ಬಂದಳು. ಒದ್ದೆ ಬಟ್ಟೆಯಲ್ಲಿ ಕೂತವಳನ್ನು ನೋಡಿ, ನೆಗಡಿ ಬರಿಸಿಕೊಳ್ಳುವ ಆಸೆಯಾ ಎಂದು ಗದರಿಸಿ ಒಳಗಿನಿಂದ ಟವೆಲು ತಂದಳು. ಅಭ್ಯಾಸಬಲದಿಂದ ಮೊದಲು ತಲೆಗೇ ಕೈ ಹಾಕಿ ಉಜ್ಜತೊಡಗಿದವಳು ಅಲ್ಲಿಗೇ ನಿಲ್ಲಿಸಿದಳು.

“ಇದೇನೇ ಇದು. ಮೈಯೆಲ್ಲ ತೊಪ್ಪೆಯಾಗಿದೆ, ಕೂದಲು ಒಂಚೂರೂ ಒದ್ದೆಯಾಗಿಲ್ವಲ್ಲ.”

ಚುಕ್ಕಿ ತಲೆ ಮುಟ್ಟಿ ನೋಡಿಕೊಂಡಳು. ಹೌದು. ಜಡೆಯ ತುದಿ ಬಿಟ್ಟರೆ ಎಲ್ಲ ಒಣಗೇ ಇತ್ತು.

ತೂಗುವ ಮಷೀನಿನ ಮೇಲೆ ನಿಂತಾಗ ತಲೆಯೂ ತೂಗಿತ್ತು. ಡ್ರಮ್ಮಿಗೆ ಮಾತ್ರ ಅದು ಇಳಿದೇ ಇರಲಿಲ್ಲ. ಗದ್ದ ಮೇಲಕ್ಕೆತ್ತಿ, ಕತ್ತು ಆದಷ್ಟು ಉದ್ದ ಮಾಡಿ, ಅದನ್ನು ಹೊರಗೇ ಹಿಡಿದುಕೊಂಡಿದ್ದಳು. ಹಾಗೆ ಹಿಡಿದುಕೊಂಡಿದ್ದೇನೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ. ನದಿಯಲ್ಲೂ ಇದನ್ನೇ ಅಲ್ಲವೇ ಮಾಡುತ್ತಿದ್ದದ್ದು?

ಚುಕ್ಕಿ ಅಜ್ಜನತ್ತ ನೋಡಿದಳು. ಅಜ್ಜ ಹಗ್ಗ ಹೆಣೆಯುತ್ತಲೇ ಇದ್ದ.

ಶನಿವಾರ ಮಧ್ಯಾಹ್ನ ಡ್ರಮ್ಮು ಮತ್ತೆ ಅಂಚಿನವರೆಗೆ ತುಂಬಿತು. ಈ ಸಲ ಅಜ್ಜ ಹಗ್ಗ ಬದಿಗಿಟ್ಟು, ಡ್ರಮ್ಮಿನ ಅಂಚಿನ ಮೇಲೆ ಕೈಯಿಟ್ಟು ನಿಂತ. ಚುಕ್ಕಿ ಕತ್ತಿನವರೆಗೆ ಇಳಿದು ಕೂತಳು.  ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. 

ಕೊನೆಗೊಮ್ಮೆ ಚುಕ್ಕಿ ಮುಳುಗಿದಳು. ಮುಳುಗುತ್ತಲೇ ಹೆದರಿಕೆಯಿಂದ ಉಸಿರನ್ನೆಲ್ಲ ಗುಳುಗುಳು ಬಿಟ್ಟುಬಿಟ್ಟಳು. ಮೇಲೆ ಬಂದು ಏದುಸಿರು ಬಿಡುತ್ತಾ, ಎಷ್ಟು ಎಂದು ಕೇಳಿದಳು. ಇಪ್ಪತ್ತೇಳು ಲೀಟರ್. ಭಾಗಿಸಿದರೆ ಒಂದು ಪಾಯಿಂಟ್ ಸೊನ್ನೆ ನಾಲ್ಕು. ಆಲೂಗಡ್ಡೆಯನ್ನು ಸೋಲಿಸಿದ್ದಳು. ಆದರೂ ಒಂದಕ್ಕಿಂತ ಹೆಚ್ಚೇ.

“ಅಕ್ಕಾ, ಗುಳ್ಳೆ ಬಂದಿದ್ದೆಲ್ಲ ನಿನ್ನ ಗಾಳಿನೇ ಅಲ್ವಾ?” ಎಂದ ಬೆಂಡು. “ಅದನ್ನ ಯಾಕೆ ಬಿಟ್ಟೆ?”

ಚುಕ್ಕಿಗೆ ಕಿತ್ತಳೆ ಸಿಪ್ಪೆಯ ಬಿಳಿ ಒಳಮೈ ನೆನಪಾಯಿತು. ಮತ್ತೆ ಡ್ರಮ್ಮು ತುಂಬಿಸಲು ಹೇಳಿದಳು.

ಈ ಸಲ ಹೊಟ್ಟೆಯವರೆಗೂ ಉಸಿರೆಳೆದುಕೊಂಡು ಬಾಯಿ ಬಿಗಿದಳು. ಆದರೆ ಮುಳುಗುವುದೇ ಕಷ್ಟವಾಯಿತು. ಕೆಳಗೆ ಹೋಗಬೇಕೆಂದರೂ ಮೈ ಮೇಲಕ್ಕೇ ಬರುತ್ತಿತ್ತು. ಡ್ರಮ್ಮಿನ ಬದಿಗಳಿಗೆ ಎರಡೂ ಕೈ ಒತ್ತಿ ಹಿಡಿದು, ಒಂದು ಕ್ಷಣ ನೆತ್ತಿ ನೀರಿನೊಳಗೆ ಹೋಗುವಂತೆ ಮಾಡಿ, ತಟ್ಟನೆ ಎದ್ದಳು. ಬೆಂಡು ಜಗ್ಗು ಎಣಿಸಿದ. ಇಪ್ಪತ್ತೆಂಟೂವರೆ ಲೀಟರ್.

ಭಾಗಿಸುವ ಮೊದಲೇ ಚುಕ್ಕಿಗೆ ಗೊತ್ತಾಗಿತ್ತು. ಆದರೂ ಭಾಗಿಸಿದಳು. ಸೊನ್ನೆ ಪಾಯಿಂಟ್ ಒಂಬತ್ತು ಎಂಟು. ಅಜ್ಜ ಗೋಡೆಯ ಮೇಲಿನ ಆ ಅಂಕಿಯನ್ನು ಬಗ್ಗಿ ನೋಡಿ, “ಇದು ಒಳ್ಳೆದಾ ಮಗಾ?” ಎಂದು ಕೇಳಿದ.

“ಒಂದಕ್ಕಿಂತ ಒಂಚೂರು ಕಮ್ಮಿ ಅಜ್ಜಾ,” ಎಂದಳು ಚುಕ್ಕಿ. “ಒಂದೇ ಒಂಚೂರು.”

ಭಾನುವಾರ ಬೆಳಿಗ್ಗೆ ಲಾಂಚು ಹೊರಡಲು ತಯಾರಾಗಿ ನಿಂತಿತ್ತು. ಅಪ್ಪ ಎಂಜಿನ್ ಚಾಲೂ ಮಾಡಿದ್ದ. ಅಮ್ಮ ಲಾಂಚು ನಡೆಸುವ ಮೇಲಿನ ಕೋಣೆಯ ಕಿಟಕಿಯಿಂದ ಇಣುಕುತ್ತಿದ್ದಳು. ಬೆಂಡು ಲಾಂಚಿನ ಕಟಕಟೆಗೆ ಆತುಕೊಂಡಿದ್ದ. ಪಕ್ಕದ ಮನೆಯ ಆಂಟಿ ಮೆಟ್ಟಿಲ ಮೇಲೆ ಬಂದು ನಿಂತಾಗಿತ್ತು. ಮುಳುಗಿದರೆ ಚುಕ್ಕಿ ಅವರ ಜೊತೆಗೇ ಉಳಿಯಬೇಕು. ಅಜ್ಜ ಕೆಳಗಿನ ಮೆಟ್ಟಿಲಲ್ಲಿ ಕೂತು ಕಿತ್ತಳೆ ಕೈಗೆತ್ತಿಕೊಂಡ.

ನೀರಿನಲ್ಲಿ ನಿಂತಿದ್ದ ಚುಕ್ಕಿ ಎದೆ ತುಂಬ ಉಸಿರೆಳೆದುಕೊಂಡು ಹಿಂದಕ್ಕೆ ಒರಗಿದಳು. ಬೆನ್ನು ನೀರಿಗೆ ತಾಗಿತು, ಹೆಗಲು ತಾಗಿತು. ಕತ್ತು ಎಂದಿನಂತೆ ಬಿಗಿಯಿತು. ಗದ್ದ ತಾನಾಗಿಯೇ ಎದೆಯತ್ತ ಬಂತು, ಆಗಲೇ ಕಾಲು ಕೆಳಗಿಳಿಯತೊಡಗಿತು. ಇಲ್ಲೇ ಅವಳು ಪ್ರತಿಸಲ ಕೈ ಬಡಿಯುತ್ತಿದ್ದದ್ದು.

ಹೊರಗೆ ಹಿಡಿದ ತಲೆಯನ್ನು ನೀರು ಹೊರುವುದಿಲ್ಲ. ತಾನೇ ಹೊರಬೇಕು.

ಚುಕ್ಕಿ ಕತ್ತು ಸಡಿಲ ಬಿಟ್ಟಳು. ನೀರು ಕೂದಲೊಳಗೆ ನುಗ್ಗಿತು, ಕಿವಿ ಮುಚ್ಚಿತು. ಎಂಜಿನ್ನಿನ ಸದ್ದು ಎಲ್ಲೋ ದೂರ ಹೋಯಿತು. ಮುಖವೊಂದೇ ಹೊರಗೆ ಉಳಿಯಿತು. ಕಾಲುಗಳು ಇನ್ನಷ್ಟು ಇಳಿಯಬಹುದು ಎಂದು ಕಾದಳು. ಅವು ಇಳಿಯಲಿಲ್ಲ.

ಉಸಿರನ್ನು ಸ್ವಲ್ಪವೇ ಬಿಟ್ಟು, ಬೇಗ ಮತ್ತೆ ಎಳೆದುಕೊಂಡಳು. ಬಿಟ್ಟಾಗ ನೀರು ಕೆನ್ನೆಯ ಮೇಲಕ್ಕೆ ಬಂತು. ಎಳೆದಾಗ ಕೆಳಗಿಳಿಯಿತು. ಗೋಡೆಯ ಮೇಲೆ ಬರೆದಿದ್ದ ಅಂಕಿಗಳು ಈಗ ಅವಳ ಕೆನ್ನೆಯ ಮೇಲೆ ಹತ್ತಿ ಇಳಿಯುತ್ತಿದ್ದವು. ಒಂಚೂರು ಹೆಚ್ಚು, ಒಂಚೂರು ಕಡಿಮೆ. ಕಿತ್ತಳೆ ಸಿಪ್ಪೆಯ ಒಂದು ಚೂರು ತೇಲುತ್ತಾ ಬಂದು ಅವಳ ಕಿವಿಯ ಬಳಿ ನಿಂತು, ಮುಂದಕ್ಕೆ ಹೋಯಿತು. ಮೇಲೆ ಆಕಾಶ ಎಷ್ಟು ದೊಡ್ಡದಿದೆ ಎಂದು ಅವಳು ಇಷ್ಟು ದಿನ ನೋಡಿರಲೇ ಇಲ್ಲ. ನೋಡಲು ಪುರುಸೊತ್ತೇ ಇರಲಿಲ್ಲ.

ಬೆಂಡು ಲಾಂಚಿನಿಂದ ಇಳಿದುಬಂದು ಮೆಟ್ಟಿಲ ಬಳಿ ಕುಣಿಯುತ್ತಿದ್ದ. “ಅಕ್ಕಾ, ಮುಗೀತು. ಏಳೇ, ಮುಗೀತು,” ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತು.

ಅಜ್ಜ ಕೊನೆಯ ತೊಳೆಯನ್ನು ಒಣಗಿದ ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟ. “ಇರ್ಲಿ ಬಿಡೋ,” ಎಂದು ಜೇಬಿಗೆ ಕೈ ಹಾಕಿ ಇನ್ನೊಂದು ಕಿತ್ತಳೆ ತೆಗೆದ. ಮೇಲಿನ ಕಿಟಕಿಯಲ್ಲಿ ಅಮ್ಮನಿಗೂ ಹೊರಡುವ ಅವಸರ ಇದ್ದಂತೆ ಕಾಣಲಿಲ್ಲ.

ಚುಕ್ಕಿಗೆ ಇದು ಯಾವುದೂ ಕೇಳಿಸಲಿಲ್ಲ. ಅವಳು ಇನ್ನೊಂದು ಉಸಿರು ತುಂಬಿಕೊಂಡಳು. ನೀರು ಅವಳನ್ನು ಒಂಚೂರು ಮೇಲಕ್ಕೆತ್ತಿತು.