ಮ್ಯಾಪಿನಿಂದ ಅಳಿಯದ ಆಲೆಮನೆ

"ತಾತಾ, ಇನ್ನೊಂದು ಕಾರು ಬಂತು!"

ನಿಖಿತಾ ಕಬ್ಬಿನ ರಾಶಿಯ ಮೇಲೆ ನಿಂತು ಕೂಗಿದಳು.

ತಾತ ಪುಟ್ಟಮಾದಯ್ಯ ದೊಡ್ಡ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲದ ಪಾಕವಾಗುವ ಹೊತ್ತು. ಕೈ ಬಿಡದೆ ತಿರುವುತ್ತಲೇ ಇರಬೇಕು. ಆದರೆ ಕಾರಿನಿಂದ ಇಳಿದವರನ್ನು ಕಂಡಿದ್ದೇ ತಡ, ತಾತ ಹೊರಟೇಬಿಟ್ಟರು.

"ಬನ್ನಿ ಬನ್ನಿ, ಕುಂತ್ಕಳಿ. ಕಬ್ಬಿನಾಲು ಕುಡೀರಿ!"

"ಪಾಕ ಬುಟ್ಬುಟ್ಟು ಎಲ್ಲಿಗೆ ಓಯ್ತಾ ಇದ್ದೀರಿ?" ಒಲೆಗೆ ಹಾಲು ಹಿಂಡಿದ ಕಬ್ಬಿನ ಒಣ ಸಿಪ್ಪೆ ತುಂಬುತ್ತಿದ್ದ ಅಜ್ಜಿ ಚಿಕ್ಕನಂಜಮ್ಮ ಅಲ್ಲಿಂದಲೇ ಕಿರುಚಿದರು.

"ಬಂದೋರ್ನ ಬರೀ ಬಾಯಲ್ಲಿ ಕಳ್ಸಾಕಾದಾತ? ಇದು ಆಲೆಮನೆ ಕಣಮ್ಮಿ!"

ಹನಕೆರೆ ಕಡೆ ಆಲೆಮನೆಗೆ ಬಂದವರಿಗೆ ಕುಡಿಯಲು ಹಾಲು, ಬಾಯಿಗೊಂದು ಚೂರು ಬಿಸಿ ಬೆಲ್ಲ ಕೊಡದೆ ಕಳಿಸುವುದಿಲ್ಲ. ಹಿಂದಿನಿಂದಲೂ ಹಾಗೇ. ಆದರೆ ಹಿಂದೆ ಬರುತ್ತಿದ್ದವರು ಪಕ್ಕದ ಗದ್ದೆಯವರು, ದಾರಿಹೋಕರು. ಈಗ ಬರುವವರು ಬೆಂಗಳೂರಿನ ಕಾರಿನವರು, ಮೈಸೂರಿನ ಬೈಕಿನವರು, ಹೆಲ್ಮೆಟ್ ಹಾಕಿದ ಸೈಕಲ್ಲಿನವರು. ಈ ವಾರ ಒಂದು ದಿನ ತಾತ ಹೀಗೇ ಎದ್ದುಹೋದಾಗ ಪಾಕವೆಲ್ಲ ತಳ ಹಿಡಿದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅವತ್ತು ತಾತ ಸರಿಯಾಗಿ ಊಟ ಕೂಡ ಮಾಡಲಿಲ್ಲ.

"ಅಲ್ಲಾ, ಈ ಜನ ಎಲ್ಲಿಂದ ಉದುರ್ತಾವ್ರೆ ಅಂತೀನಿ?" ಅಜ್ಜಿ ಗೊಣಗಿದರು.

ನಿಖಿತಾಗೆ ಗೊತ್ತಿತ್ತು. ಕರೆಸಿದವಳು ಅವಳೇ!

ಸ್ಕೂಲಿನ ಕಂಪ್ಯೂಟರಿನಲ್ಲಿ ಶೋಭಾರಾಣಿ ಮಿಸ್ ಒಂದು ಮ್ಯಾಪು ತೋರಿಸಿದ್ದರು. "ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆಯಲ್ಲ, ಇದೂ ಹಾಗೇನೇ. ಎಲ್ಲರೂ ಸೇರಿ ಬರೆಯೋದು, ಎಲ್ಲರೂ ಪುಕ್ಕಟೆ ಬಳಸೋದು. ನಿಮಗೆ ಗೊತ್ತಿರೋ ಜಾಗ ಇದರಲ್ಲಿ ಇಲ್ವಾ? ನೀವೇ ಸೇರಿಸಿ," ಎಂದಿದ್ದರು. ಬೇರೆಯವರು ಅಂಗಡಿ, ಅರಳಿಕಟ್ಟೆ ಸೇರಿಸಿದರು. ನಿಖಿತಾ ಬರೆದಳು: 'ನಮ್ ತಾತನ ಆಲೆಮನೆ. ಯಾರು ಬಂದ್ರೂ ಕಬ್ಬಿನ ಹಾಲು ಫ್ರೀ! ಬಿಸಿ ಬೆಲ್ಲಾನೂ ಫ್ರೀ!'

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಈ ಮ್ಯಾಪು ಬರೆಯುವವರದ್ದೊಂದು ಬಳಗ ಇದೆ. ಎಲ್ಲಿ ಹೊಸ ರಸ್ತೆ ಸೇರಿತು, ಎಲ್ಲಿ ಮೀಟಿಂಗು ಎಂದೆಲ್ಲ ಅವರು ವಾರ ವಾರ ಸುದ್ದಿ ಹಾಕುತ್ತಾರೆ. ಹೋದ ವಾರ ಅದರಲ್ಲಿ ಮೊದಲ ಸುದ್ದಿಯೇ 'ಹನಕೆರೆಯಲ್ಲೊಂದು ಫ್ರೀ ಆಲೆಮನೆ'! ಮಿಸ್ ಓದಿದಾಗ ಕ್ಲಾಸೆಲ್ಲ ಚಪ್ಪಾಳೆ. ನಿಖಿತಾ ಉಬ್ಬಿಹೋಗಿದ್ದಳು.

ಪಾಕ ಕಪ್ಪಾದ ದಿನ ಉಬ್ಬಿದ್ದೆಲ್ಲ ಇಳಿಯಿತು. ಅಮ್ಮನ ಫೋನು ತೆಗೆದುಕೊಂಡು ಆಲೆಮನೆಯನ್ನು ಅಳಿಸಿದಳು. ಬೆಳಿಗ್ಗೆ ಎದ್ದು ನೋಡಿದರೆ ಅದು ಮತ್ತೆ ಅಲ್ಲೇ ಕೂತಿದೆ! ಜೊತೆಗೊಂದು ಸಾಲು: 'ಇರುವ ಜಾಗವನ್ನು ಯಾಕೆ ಅಳಿಸುತ್ತೀರಿ? ಇಂತಿ, ಶಶಿಧರ್, ಮಳವಳ್ಳಿ.'

ಅವಳು ಮತ್ತೆ ಅಳಿಸಿದಳು. ಶಶಿಧರ್ ಮತ್ತೆ ಹಾಕಿದ. ವಾರದ ಸುದ್ದಿ ಬರೆದ ಪುಣ್ಯಾತ್ಮನೂ ಅವನೇ ಎಂದು ಮಿಸ್ಸಿನಿಂದ ತಿಳಿದಾಗ ನಿಖಿತಾಗೆ ಮೈಯೆಲ್ಲ ಉರಿಯಿತು. 'ನಮ್ ತಾತನ ಬೆಲ್ಲ ಹಾಳಾಗ್ತಿದೆ. ಬೇಕಾದ್ರೆ ಬಂದು ನೋಡಿ!' ಎಂದು ಅವನಿಗೆ ಬರೆದು ಫೋನು ಕುಕ್ಕಿದ್ದಳು.

ಇವತ್ತು ಭಾನುವಾರ. ಕೇಳಬೇಕೆ? ಕಾರಿನ ಹಿಂದೆ ಇನ್ನೆರಡು ಬೈಕು ಬಂದವು. ಲೋಟ ಹಿಡಿದವರ ನಡುವೆ ತಾತ ಸಿಕ್ಕಿಕೊಂಡರು. ಇತ್ತ ಕೊಪ್ಪರಿಗೆಯಲ್ಲಿ ಪಾಕ ಗುಳುಗುಳು ಎನ್ನುತ್ತಿತ್ತು.

ನಿಖಿತಾ ಓಡಿಬಂದು ತಿರುವುವ ಹುಟ್ಟಿಗೆ ಕೈ ಹಾಕಿದಳು. ಅದು ಅವಳಿಗಿಂತ ಉದ್ದ! ಅಲುಗಾಡಲೂ ಇಲ್ಲ.

"ತಾತಾ, ತಳ ಹಿಡೀತದೆ! ಬಾ ತಾತಾ!" ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದ ಒಬ್ಬ ಸಣಕಲು ಮನುಷ್ಯ ಒಂದೇ ಗುಟುಕಿಗೆ ಹಾಲು ಕುಡಿದು, ಮೀಸೆ ಒರೆಸಿಕೊಂಡು, ತಾತನ ಕೈಯಿಂದ ಚೊಂಬು ಇಸಿದುಕೊಂಡ.

"ಯಜಮಾನ್ರೇ, ನೀವು ಪಾಕ ನೋಡೋಗಿ. ಇಲ್ಲಿ ನಾನಿವ್ನಿ."

ತಾತ ಒಂದೇ ಓಟ ಓಡಿ ಹುಟ್ಟು ಹಿಡಿದರು. ಸ್ಕೂಟರಿನವನು ಎಲ್ಲರ ಲೋಟಕ್ಕೂ ಹಾಲು ಬಗ್ಗಿಸಿ ಮುಗಿಸಿದ. ಆಮೇಲೆ ಯಾರೂ ಹೇಳದೆಯೇ ಒಂದು ತೆಕ್ಕೆ ಒಣ ಸಿಪ್ಪೆ ತಬ್ಬಿಕೊಂಡು ಹೋಗಿ ಅಜ್ಜಿಯ ಪಕ್ಕ ಹಾಕಿದ.

"ಕುಡಿದೋರೆಲ್ಲ ಬನ್ನಿ, ಒಂದೊಂದು ತೆಕ್ಕೆ!" ಎಂದು ಉಳಿದವರನ್ನೂ ಕರೆದ.

ಬೈಕಿನ ಹುಡುಗರು ನಗುತ್ತಾ ಬಂದರು. ಕಾರಿನ ಆಂಟಿಯ ತಲೆತುಂಬ ಸಿಪ್ಪೆ. ಆದರೂ ಅವರು ಎರಡನೇ ತೆಕ್ಕೆಗೆ ಹೊರಟೇಬಿಟ್ಟರು.

"ನೋಡ್ದಾ ಮಗ? ನಮ್ ಕಾಲ್ದಲ್ಲಿ ಇಂಗೇ," ತಾತ ತಿರುವುತ್ತಲೇ ಹೇಳಿದರು. "ಕುಡಿದೋರು ಸುಮ್ಕೆ ಓಯ್ತಿರ್ಲಿಲ್ಲ. ಒಂದು ತೆಕ್ಕೆ ಸಿಪ್ಪೆ ಆಕಿ ಓಯ್ತಿದ್ರು. ಇವ್ನು ಯಾರೋ ಆಲೆಮನೆ ಕಂಡೋನು."

ಪಾಕ ಹೊಂಬಣ್ಣಕ್ಕೆ ತಿರುಗಿ ಅಚ್ಚಿಗೆ ಇಳಿಯಿತು. ನಿಖಿತಾ ಉಸಿರುಬಿಟ್ಟು ಸ್ಕೂಟರಿನವನ ಹತ್ತಿರ ಹೋದಳು.

"ನೀವ್ಯಾರು ಅಂಕಲ್?"

"ಬಂದು ನೋಡಿ ಅಂದಿದ್ದೆಯಲ್ಲಮ್ಮ, ಬಂದೆ. ಶಶಿಧರ್, ಮಳವಳ್ಳಿ."

ನಿಖಿತಾ ಅವನ ಅಂಗಿಗೆ ಅಂಟಿದ್ದ ಸಿಪ್ಪೆಯನ್ನೇ ನೋಡಿದಳು.

"ನಂದೂ ತಪ್ಪೈತೆ ಕಣಮ್ಮ. ನಿಮ್ ತಾತನ್ನ ಒಂದು ಮಾತು ಕೇಳ್ದೆ ಸುದ್ದಿ ಆಕ್ಬುಟ್ಟೆ. ಈಗ ಅವ್ರು ಬೇಡ ಅಂದ್ರೆ ತೆಗೆಯಾನ," ಎಂದ ಶಶಿಧರ್.

ತಾತನಿಗೆ ಎಲ್ಲ ಹೇಳಿದ್ದಾಯಿತು. ತಾತ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೊಮ್ಮಗಳನ್ನು ನೋಡಿದರು. "ಓಹೋ! ಈ ದಂಡೆಲ್ಲ ಕರ್ದೋಳು ನೀನಾ?" ಎಂದು ಕೆಮ್ಮು ಬರುವಷ್ಟು ನಕ್ಕರು. "ಬರ್ಲಿ ಬುಡು. ಆದ್ರೆ ಕೈ ಬೀಸ್ಕಂಡು ಓಗ್ಬ್ಯಾಡಿ ಅಂತ ಬರಿ."

ಹೊರಡುವಾಗ ನಿಖಿತಾ ಕೇಳಿದಳು. "ಅಂಕಲ್, ನಮ್ಮೂರಿನ ರಸ್ತೆ ಎಲ್ಲಾ ಮ್ಯಾಪಲ್ಲಿ ಬರೆದಿದ್ದು ನೀವೇನಾ?"

"ನಾನು ಬರ್ದಿದ್ದು ಮಳವಳ್ಳಿದು. ನಿಮ್ಮೂರ್ದು ಯಾರು ಬರೆದ್ರೋ ಗೊತ್ತಿಲ್ಲ ಕಣಮ್ಮ. ಅದ್ನೇ ನೋಡ್ಕಂಡು ಬಂದೆ. ನಾಲೆ ತಾವ ಮಾತ್ರ ವಸಿ ಸುತ್ತಾಡ್ಬುಟ್ಟೆ. ಅಲ್ಲೊಂದು ಸಣ್ಣ ಸೇತುವೆ ಐತಲ್ಲ, ಮ್ಯಾಪಲ್ಲಿಲ್ಲ."

ಸಂಜೆ ನಿಖಿತಾ ಅಮ್ಮನ ಫೋನು ಹಿಡಿದು ಕೂತಳು. 'ಫ್ರೀ' ಎಂದಿದ್ದ ಕಡೆ ತಿದ್ದಿದಳು: 'ಹಾಲು ಕುಡಿಯಿರಿ. ಹೋಗುವಾಗ ಒಲೆಗೆ ಒಂದು ತೆಕ್ಕೆ ಸಿಪ್ಪೆ ಹಾಕಿ ಹೋಗಿ.'

ಕೆಲಸ ಮುಗಿದಿತ್ತು. ಆದರೂ ಅವಳು ಫೋನು ಕೆಳಗಿಡಲಿಲ್ಲ. ಸ್ಕೂಲಿನ ರಸ್ತೆ, ಸ್ಟೇಷನ್ನಿನ ರಸ್ತೆ, ಅವರ ಮನೆಯ ಮುಂದಿನ ಓಣಿ, ಎಲ್ಲವೂ ಅಲ್ಲಿದ್ದವು. ಯಾರೋ ಕೂತು ಒಂದೊಂದೇ ಗೆರೆ ಎಳೆದಿದ್ದರು, ಅವಳು ಪುಕ್ಕಟೆ ನೋಡುತ್ತಿದ್ದಳು. ಅವರು ಈ ಆಲೆಮನೆಯ ಹಾಲು ಕುಡಿದಿದ್ದರೋ ಇಲ್ಲವೋ!

ನಾಲೆಯ ಹತ್ತಿರ ಬೆರಳಿಟ್ಟು ಅವಳು ಮೆಲ್ಲಗೆ ಸಣ್ಣದೊಂದು ಸೇತುವೆ ಬರೆಯತೊಡಗಿದಳು.

"ಏನ್ ಮಗ, ಇಷ್ಟೊತ್ತು ಫೋನು?" ಒಳಗಿನಿಂದ ಅಮ್ಮ ಕೇಳಿದಳು.

"ಇರಮ್ಮ, ಬಂದೆ," ಎಂದಳು ನಿಖಿತಾ. "ಒಂದು ತೆಕ್ಕೆ ಸಿಪ್ಪೆ ಹಾಕ್ತಾ ಇದ್ದೀನಿ."